ಮಳೆಯಿಲ್ಲದ ಊರಿನ ತುಕ್ಕು

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಒಮಾನಿನ ಬುರೈಮಿಯಲ್ಲಿ ಪ್ಲಂಬಿಂಗ್ ಮತ್ತು ಎ.ಸಿ. ರಿಪೇರಿ ಕೆಲಸ ಮಾಡಿಕೊಂಡಿದ್ದೇನೆ. ಇಪ್ಪತ್ತು ವರ್ಷ ದಾಟಿದ ಹೈಲಕ್ಸ್ ಪಿಕಪ್ ಒಂದಿದೆ. ಸಾಮಾನು ತರಲು ಸೊಹಾರ್‌ಗೆ ಹೋಗಿಬರುತ್ತಿರುತ್ತೇನೆ. ಇಲ್ಲಿ ಮಳೆಯೇ ಅಪರೂಪ. ಆದರೂ ಗಾಡಿಯ ಅಡಿಗೆ ತುಕ್ಕು ಹಿಡಿದಿದೆ, ಪಾನಾ, ಪೈಪ್ ರೆಂಚ್‌ಗಳ ಮೇಲೂ ಕಂದು ಕಲೆ ಬಂದಿದೆ. ನಮ್ಮ ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬ ಅಷ್ಟೊಂದು ಮಳೆಯಲ್ಲಿ ಗಟ್ಟಿಯಾಗಿ ನಿಂತಿರುವಾಗ ಮರುಭೂಮಿಯ ಗಾಡಿಗೆ ಯಾಕೆ ತುಕ್ಕು? ಇರುವ ತುಕ್ಕನ್ನು ತೆಗೆಯುವುದು ಹೇಗೆ, ಮತ್ತೆ ಬರದ ಹಾಗೆ ನೋಡಿಕೊಳ್ಳುವುದು ಹೇಗೆ? ಮುಂದಿನ ವರ್ಷ ಊರಿಗೆ ಮರಳುವಾಗ ಹತ್ಯಾರುಗಳನ್ನು ಹಡಗಿನ ಕಾರ್ಗೋದಲ್ಲಿ ಕಳಿಸಬೇಕೆಂದಿದ್ದೇನೆ.
— ಒಬ್ಬ ಓದುಗರು, ಬುರೈಮಿ

ಉತ್ತರ: ಬುರೈಮಿಯಲ್ಲಿ ವರ್ಷಕ್ಕೆ ನೂರು ಮಿಲಿಮೀಟರ್ ಮಳೆ ಬಂದರೆ ಅದೇ ಹೆಚ್ಚು. ಕೊಡಚಾದ್ರಿಯ ಸುತ್ತ ಬೀಳುವುದು ಅದರ ಹತ್ತಾರು ಪಟ್ಟು. ಹಾಗಿದ್ದೂ ಕಂಬ ಉಳಿದಿದೆ, ಗಾಡಿಯನ್ನು ತುಕ್ಕು ತಿನ್ನುತ್ತಿದೆ ಎಂದರೆ ದೂರಬೇಕಾದ್ದು ಮಳೆಯನ್ನಲ್ಲ. ಕಬ್ಬಿಣದ ಮೇಲೆ ತೇವ ಎಷ್ಟು ಹೊತ್ತು ಕೂತಿರುತ್ತದೆ, ಆ ತೇವದಲ್ಲಿ ಉಪ್ಪು ಎಷ್ಟಿದೆ ಎಂಬ ಎರಡು ಸಂಗತಿ ತಿಳಿದರೆ ನಿಮ್ಮ ಪ್ರಶ್ನೆಯ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ತುಕ್ಕು ಹಿಡಿಯಲು ಕಬ್ಬಿಣ, ಗಾಳಿಯಲ್ಲಿರುವ ಆಮ್ಲಜನಕ, ನೀರು ಈ ಮೂರೂ ಸೇರಬೇಕು. ನೀರು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಗಾಳಿಯ ತೇವಾಂಶ ಏರಿದಾಗ ಕಬ್ಬಿಣದ ಮೈಮೇಲೆ ಬೆರಳಿಗೂ ತಿಳಿಯದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ತುಕ್ಕಿನ ಕೆಲಸಕ್ಕೆ ಅಷ್ಟೇ ಸಾಕು. ಇಂಗ್ಲೆಂಡಿನ ವಿಜ್ಞಾನಿ ವರ್ನನ್ ಕಳೆದ ಶತಮಾನದ 20 ಮತ್ತು 30ರ ದಶಕಗಳಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಗಾಳಿಯ ತೇವಾಂಶ ಸುಮಾರು ಶೇ. 60 ದಾಟುವ ತನಕ ಕಬ್ಬಿಣಕ್ಕೆ ಹೆಚ್ಚಿನ ತೊಂದರೆಯಿಲ್ಲ, ದಾಟಿದ ಮೇಲೆ ತುಕ್ಕಿನ ಓಟ ಜೋರಾಗುತ್ತದೆ. ಆದರೆ ಈ ಲೆಕ್ಕ ಉಪ್ಪಿಲ್ಲದ ಕಬ್ಬಿಣಕ್ಕೆ ಮಾತ್ರ. ನಾವು ಊಟಕ್ಕೆ ಬಳಸುವ ಉಪ್ಪು ತೇವಾಂಶ ಶೇ. 75ರ ಹತ್ತಿರ ಬಂದಾಗ ತಾನೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಇದರ ಜೊತೆ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ ಶೇ. 33 ಸಾಕು. ಅಂದರೆ ಮನುಷ್ಯನ ತುಟಿ ಒಣಗುವ ಗಾಳಿಯಲ್ಲೂ ಸಮುದ್ರದ ಉಪ್ಪು ಮೆತ್ತಿದ ಕಬ್ಬಿಣ ತೇವವಾಗಿಯೇ ಇರಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಉಪ್ಪು ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕು ನಡೆಯುವುದೇ ಈ ಸಣ್ಣ ವಿದ್ಯುತ್ತಿನ ಹರಿವಿನಿಂದ.

ಈಗ ನಿಮ್ಮ ದಾರಿಯನ್ನು ನೋಡಿ. ವಾದಿ ಜಿಝಿಯ ಕಣಿವೆಯಲ್ಲಿ ಹಜರ್ ಬೆಟ್ಟ ದಾಟಿ ಕರಾವಳಿಯ ಸೊಹಾರ್‌ಗೆ ಇಳಿಯುತ್ತೀರಿ. ಅಲ್ಲಿ ಕಡಲ ಗಾಳಿಯ ಉಪ್ಪು ಗಾಡಿಯ ಅಡಿಗೆ ಅಂಟುತ್ತದೆ, ಮತ್ತೆ ಬೆಟ್ಟ ಹತ್ತಿ ಒಣ ಊರಿಗೆ ಬರುತ್ತೀರಿ. ಉಪ್ಪು ನಿಮ್ಮೊಡನೆಯೇ ಮೇಲೆ ಬಂತು. ಇಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ. ಮರುಭೂಮಿಯ ಧೂಳಿನಲ್ಲೂ ಉಪ್ಪಿದೆ. ಸಬ್ಖಾ ಎಂದು ಅಲ್ಲಿಯವರು ಕರೆಯುವ ಉಪ್ಪಿನ ಬಯಲುಗಳ ಪುಡಿ ಗಾಳಿಗೆ ಎದ್ದು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಹಳೇ ಪಿಕಪ್ ಆದ್ದರಿಂದ ನಿಮಗಿಂತ ಮೊದಲಿನ ಮಾಲೀಕರು ಏನು ಹೊತ್ತರೋ ಅದೂ ಲೆಕ್ಕಕ್ಕೆ ಬರುತ್ತದೆ. ಕಡಲ ಮೀನನ್ನು ಐಸ್ ಪೆಟ್ಟಿಗೆಯಲ್ಲಿ ಹೊತ್ತ ಗಾಡಿಯ ಹಿಂಬದಿಯಿಂದ ಉಪ್ಪುನೀರು ಸೋರಿರುತ್ತದೆ. ಆಡು ಕುರಿ ಹೊತ್ತಿದ್ದರೆ ಅವುಗಳ ಮೂತ್ರ ಇನ್ನೂ ಕೆಟ್ಟದ್ದು. ಇವೆಲ್ಲ ಹಗಲಿನ ಬಿಸಿಲಿಗೆ ಒಣಗಿ ಸುಮ್ಮನಿರುತ್ತವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೋಡವಿಲ್ಲದ ಆಕಾಶಕ್ಕೆ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಇಬ್ಬನಿ ಇಳಿಯುತ್ತದೆ. ಬೆಳಗಿನ ಹೊತ್ತು ಗಾಜು ಒರೆಸಿಕೊಂಡು ಹೊರಡುತ್ತೀರಲ್ಲ, ಅದೇ ನೀರು ಗಾಡಿಯ ಮಡಿಕೆ ಮೂಲೆಗಳಲ್ಲೂ ಇರುತ್ತದೆ. ಅಲ್ಲಿ ಒರೆಸುವವರಿಲ್ಲ.

ಕೊಡಚಾದ್ರಿಯ ಕಂಬದ ಸ್ಥಿತಿ ಇದಕ್ಕೆ ಪೂರಾ ಉಲ್ಟಾ. ಮೂಲ ಮೂಕಾಂಬಿಕೆಯ ಗುಡಿಯ ಎದುರಿನ ಆ ಕಂಬವನ್ನು ಲೋಹ ವಿಜ್ಞಾನಿಗಳು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಟಿ.ಆರ್. ಅನಂತರಾಮನ್ ಅದರ ಬಗ್ಗೆ 1999ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಇದ್ದಿಲಿನ ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ ಹಳೆಯ ಕಾಲದ ಕಬ್ಬಿಣ ಇಂದಿನ ತಗಡಿನಂಥದ್ದಲ್ಲ. ದೆಹಲಿಯ ಕುತುಬ್ ಆವರಣದಲ್ಲಿರುವ ಸುಮಾರು 1600 ವರ್ಷ ಹಳೆಯ ಕಂಬದಲ್ಲಿ ರಂಜಕದ (ಫಾಸ್ಫರಸ್) ಅಂಶ ಹೆಚ್ಚು. ಮೈ ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ, ಆ ರಂಜಕದಿಂದಲೇ ಕಬ್ಬಿಣದ ಮೇಲೆ ರಕ್ಷಣೆಯ ಪದರ ಬೆಳೆಯಿತೆಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು. ಕಬ್ಬಿಣದ ಜಾತಿ ಹೀಗೆ ಒಂದು ಕಾರಣ. ನಿಮ್ಮ ಗಾಡಿಯ ಮಟ್ಟಿಗೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು: ಬಯಲಲ್ಲಿ ನಿಂತ ಕಂಬವನ್ನು ಮಳೆ ತೊಳೆಯುತ್ತದೆ, ಬೆಟ್ಟದ ಗಾಳಿ ಒಣಗಿಸುತ್ತದೆ, ನೀರು ನಿಲ್ಲಲು ಸಂದಿಯಿಲ್ಲ. ಕಡಲ ತೀರದ ಯಾವುದೇ ಕಬ್ಬಿಣದ ಸೂರನ್ನು ನೋಡಿ. ಮಳೆಗೆ ತೆರೆದ ಮೇಲ್ಮೈಗಿಂತ ಮಳೆ ತಾಗದ ಅಡಿಭಾಗವೇ ಮೊದಲು ಕೆಡುತ್ತದೆ. ನಿಮ್ಮ ಗಾಡಿಯ ಚಾಸಿ ಆ ಅಡಿಭಾಗದ ಹಾಗೆ ಇಪ್ಪತ್ತು ವರ್ಷದಿಂದ ಉಪ್ಪು ಕೂಡಿಟ್ಟುಕೊಂಡಿದೆ.

ಎ.ಸಿ. ಕೆಲಸದವರಾದ್ದರಿಂದ ಮುಂದಿನ ಮಾತು ನಿಮಗೆ ಕೂಡಲೇ ಹೊಳೆಯುತ್ತದೆ. ಗಾಡಿಯ ಎ.ಸಿ. ನೀರು ಹೊರಗೆ ಬೀಳುವ ಸಣ್ಣ ರಬ್ಬರ್ ಪೈಪಿನಲ್ಲಿ ಧೂಳು ಕಟ್ಟಿದರೆ ನೀರು ಒಳಗೇ ಇಳಿದು ಕಾಲಡಿಯ ಮ್ಯಾಟಿನ ಕೆಳಗೆ ಸೇರುತ್ತದೆ. ಸೊಹಾರ್‌ನ ಬೇಸಗೆಯ ಸೆಕೆಯಲ್ಲಿ ಅದು ಕಡಿಮೆ ನೀರೇನಲ್ಲ. ಎಷ್ಟೋ ಗಾಡಿಗಳ ತಳ ತೂತಾಗುವುದು ಹೀಗೆ ಒಳಗಿನಿಂದ. ಚಾಲಕನ ಪಕ್ಕದ ಸೀಟಿನ ಮುಂದೆ ಮ್ಯಾಟ್ ಎತ್ತಿ ಅದರ ಕೆಳಗಿನ ಸ್ಪಂಜನ್ನು ಹಿಂಡಿ ನೋಡಿ. ಬಾಗಿಲುಗಳ ಕೆಳ ಅಂಚಿನಲ್ಲಿ, ಚಾಸಿಯ ಅಡಿಯಲ್ಲಿ ನೀರು ಹೋಗಲು ಬಿಟ್ಟ ತೂತುಗಳಿರುತ್ತವೆ. ಮರುಭೂಮಿಯ ನುಣ್ಣನೆಯ ಮಣ್ಣು ಅವನ್ನು ಗಾರೆ ಹಾಕಿದಂತೆ ಮುಚ್ಚಿಬಿಡುತ್ತದೆ. ತಂತಿ ಹಾಕಿ ಬಿಡಿಸಿ. ಬಾಗಿಲೊಳಗಿಂದ ಮುಷ್ಟಿಗಟ್ಟಲೆ ಮಣ್ಣು ಉದುರಿದರೆ ಆಶ್ಚರ್ಯಪಡಬೇಡಿ. ಬಣ್ಣದ ಡಬ್ಬಿ ತೆರೆಯುವ ಮುಂಚೆ ಮಾಡಬೇಕಾದ ಕೆಲಸ ಇದು, ಖರ್ಚೂ ಇಲ್ಲ.

ಆಮೇಲೆ ಗಾಡಿಯನ್ನು ಎತ್ತಿಸಿ, ಕೈಯಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಚಾಸಿಯ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಇರುವಲ್ಲಿ ಸುತ್ತಿಗೆ ಪುಟಿಯುತ್ತದೆ, ಸದ್ದು ಟಣ್ಣೆನ್ನುತ್ತದೆ. ಕೊಳೆತಲ್ಲಿ ಸದ್ದು ಮಂದವಾಗಿ ಒಳಗಿಂದ ಪುಡಿ ಉದುರುವುದು ಕೇಳಿಸುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ. ಹಿಂದಿನ ಪಾಟಾ ಕೂರುವ ಬ್ರಾಕೆಟ್‌ಗಳ ಸುತ್ತ, ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ, ಸ್ಪೇರ್ ಟೈರಿನ ಮೇಲ್ಭಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಪೆಟ್ಟಿಗೆಯಾಕಾರದ ಚಾಸಿ ಒಳಗಿನಿಂದ ಕೆಡುವುದರಿಂದ ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇದು ಸಣ್ಣ ವಿಷಯವಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಅಮೆರಿಕದಲ್ಲಿ ಚಾಸಿಯ ತುಕ್ಕಿನ ಬಗ್ಗೆ ಕೋರ್ಟಿಗೆ ಹೋದ ಪಿಕಪ್ ಮಾಲೀಕರ ಜೊತೆ ಟೊಯೋಟಾ 2016ರಲ್ಲಿ ರಾಜಿ ಮಾಡಿಕೊಂಡಿತು. ಸುಮಾರು 15 ಲಕ್ಷ ಗಾಡಿಗಳು, ಅಂದಾಜು 340 ಕೋಟಿ ಡಾಲರ್‌ವರೆಗಿನ ಲೆಕ್ಕ.

ಸ್ಕ್ರೂಡ್ರೈವರ್ ಒಳಗೆ ಹೋಯಿತೋ, ಆ ಜಾಗದಲ್ಲಿ ಬಣ್ಣ, ಪಟ್ಟಿ, ಫೈಬರ್ ಯಾವುದೂ ಬೇಡ. ಕೊಳೆತಷ್ಟನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ಪ್ಲೇಟನ್ನು ಚಾಸಿ ಕೆಲಸ ಬಲ್ಲ ವೆಲ್ಡರ್ ಕೈಯಲ್ಲಿ ಹಾಕಿಸಬೇಕು. ಬ್ಯಾಟರಿಯ ವೈರ್ ಬಿಚ್ಚದೆ, ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪುಗಳಿಗೆ ರಕ್ಷಣೆ ಮಾಡದೆ ವೆಲ್ಡಿಂಗ್ ಶುರುಮಾಡಲು ಬಿಡಬೇಡಿ. ಬ್ರೇಕ್ ಪೈಪ್ ಮೇಲೆ ಹಕ್ಕಳೆ ಕಟ್ಟಿದ್ದರೆ ಉಜ್ಜಿ ಹೊಳಪು ತರುವ ಆಸೆ ಬಿಟ್ಟು ಪೈಪನ್ನೇ ಬದಲಿಸಿ. ಮುಲ್ಕಿಯಾ (ಗಾಡಿಯ ನೋಂದಣಿ ಪತ್ರ) ನವೀಕರಣಕ್ಕೆ ಹಳೇ ಗಾಡಿಯ ತಪಾಸಣೆ ಆಗುವಾಗ ಸಿಕ್ಕಿಬೀಳುತ್ತೇನೆಂಬ ಚಿಂತೆಗಿಂತ, ವಾದಿ ಜಿಝಿಯ ಇಳಿಜಾರಿನಲ್ಲಿ ನಿಮ್ಮ ಜೀವ ನಿಂತಿರುವುದು ಅದೇ ಪೈಪಿನ ಮೇಲೆ ಎಂಬುದು ನೆನಪಿರಲಿ.

ಗಟ್ಟಿ ಇರುವ ಕಡೆ ತುಕ್ಕು ತೆಗೆಯುವ ಕೆಲಸ ತೊಳೆಯುವುದರಿಂದ ಆರಂಭವಾಗುತ್ತದೆ. ಉಪ್ಪನ್ನು ಹಾಗೇ ಬಿಟ್ಟು ಮೇಲೆ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಅದರಡಿಯಲ್ಲಿ ತುಕ್ಕು ನಡೆಯುತ್ತಲೇ ಇರುತ್ತದೆ. ನಲ್ಲಿಯ ಸಿಹಿನೀರಿನಿಂದಲೇ ತೊಳೆಯಿರಿ. ಕರಾವಳಿ ಬಯಲಿನ ಎಷ್ಟೋ ಬಾವಿಗಳಿಗೆ ಸಮುದ್ರದ ನೀರು ನುಗ್ಗಿದೆ, ಅಂಥ ನೀರಿನಲ್ಲಿ ತೊಳೆದರೆ ಉಪ್ಪು ಬಳಿದಂತೆಯೇ. ಜೋರಾಗಿ ಬಡಿಯುವ ಪ್ರೆಶರ್ ನೀರಿಗಿಂತ, ನಿಧಾನವಾಗಿ ಹೆಚ್ಚು ಹೊತ್ತು ಹರಿಯುವ ಪೈಪಿನ ನೀರು ಚಾಸಿಯ ಒಳಗಿನ ಮಣ್ಣನ್ನು ಚೆನ್ನಾಗಿ ಹೊರತರುತ್ತದೆ. ಕೆಳಗಿನ ತೂತಿನಿಂದ ತಿಳಿನೀರು ಬರುವ ತನಕ ಬಿಡಿ. ಒಣಗಿಸುವ ಕೆಲಸವನ್ನು ಬುರೈಮಿಯ ಬಿಸಿಲೇ ಮಾಡಿಕೊಡುತ್ತದೆ. ಕುಂದಾಪುರದ ಜುಲೈ ತಿಂಗಳಲ್ಲಿ ಯಾವ ಗ್ಯಾರೇಜಿಗೂ ಇಲ್ಲದ ಅನುಕೂಲ ಇದು.

ಒಣಗಿದ ಮೇಲೆ ಹಪ್ಪಳದಂತೆ ಉಬ್ಬಿದ ಪದರಗಳನ್ನು ಸುತ್ತಿಗೆಯಿಂದ ತಟ್ಟಿ, ಚಾಣದಿಂದ ಕೆರೆದು ಉದುರಿಸಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಆದ್ದರಿಂದ ನೋಡಿದಷ್ಟು ನಷ್ಟ ಆಗಿರಲಿಕ್ಕಿಲ್ಲ. ಉಳಿದದ್ದಕ್ಕೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿ. ಬ್ರಷ್ಷಿನ ತಂತಿಗಳು ಕಿತ್ತು ಹಾರುತ್ತವೆ. ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್ ಇಲ್ಲದೆ ಮಾಡಲೇಬೇಡಿ. ಸಂದಿಗಳಿಗೆ ಉಪ್ಪುಕಾಗದವೇ ಗತಿ. ಕನ್ನಡಿಯಂತೆ ಹೊಳೆಯಬೇಕಿಲ್ಲ, ಉಗುರಿನಿಂದ ಕೆರೆದರೆ ಪುಡಿ ಬರಬಾರದು. ಆ ಹಂತದಲ್ಲಿ ಅಂಟಿಕೊಂಡೇ ಉಳಿಯುವ ತೆಳು ಕಂದಿಗೆ ರಸ್ಟ್ ಕನ್ವರ್ಟರ್ ಬಳಿಯಿರಿ. ಅದರಲ್ಲಿ ಇರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್. ತುಕ್ಕನ್ನು ಅವು ಕಬ್ಬಿಣದ ಫಾಸ್ಫೇಟ್ ಅಥವಾ ಟ್ಯಾನೇಟ್ ಆಗಿ ಬದಲಿಸುತ್ತವೆ, ಮೈ ಕಪ್ಪಾಗುತ್ತದೆ. ದೆಹಲಿಯ ಕಂಬದ ಮೇಲೆ ಶತಮಾನಗಳಲ್ಲಿ ಬೆಳೆದದ್ದೂ ಫಾಸ್ಫೇಟಿನ ಪದರವೇ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ದಪ್ಪ ತುಕ್ಕಿನ ಮೇಲೆ ಬಳಿದರೆ ಮಾತ್ರ ಇದು ವ್ಯರ್ಥ. ಮೇಲಿನ ಪದರ ಕಪ್ಪಾಗಿ ಚೆನ್ನಾಗಿ ಕಾಣುತ್ತದೆ, ಅಡಿಯಲ್ಲಿ ಎಲ್ಲವೂ ಹಾಗೇ ಇರುತ್ತದೆ.

ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಚಾಸಿ ಪೇಂಟ್. ಬರೀ ಉಕ್ಕು ಕಾಣುವಷ್ಟು ಉಜ್ಜಿದ ಜಾಗಗಳಿಗೆ ಸತುವಿನ ಪ್ರೈಮರ್ ಒಳ್ಳೆಯದು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಆದರೆ ಅದು ಕಬ್ಬಿಣವನ್ನು ನೇರವಾಗಿ ಮುಟ್ಟಿರಬೇಕು. ಕನ್ವರ್ಟರ್ ಬಳಿದ ಮೇಲೆ ಅದನ್ನು ಹೊಡೆದು ಪ್ರಯೋಜನವಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ರೆಡ್ ಆಕ್ಸೈಡ್ ಹೊಡೆಯುವ ರೂಢಿ ಇದೆ. ಒಣ ಜಾಗದ ಗ್ರಿಲ್ಲಿಗೆ ಅದು ಸಾಕು, ಉಪ್ಪು ತಿಂದ ಚಾಸಿಗೆ ಸಾಲದು. ಚಾಸಿಯ ಒಳಭಾಗಕ್ಕೆ ಕುಂಚ ಹೋಗುವುದಿಲ್ಲ. ಅಲ್ಲಿಗೆ ಉದ್ದ ಮೂತಿಯ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ತನ್ನಿ. ಬೇಸಗೆಯ ಬಿಸಿಗೆ ಕರಗಿ ಜಾರದಂಥ ಬಗೆಯನ್ನೇ ಕೇಳಿ ಕೊಳ್ಳಿ.

ಗಟ್ಟಿಯಾಗಿ ಒಣಗುವ ಕಪ್ಪು ಡಾಂಬರಿನಂಥ ಅಂಡರ್‌ಕೋಟಿಂಗನ್ನು ಹಳೇ ಗಾಡಿಗೆ ಹೊಡೆಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಗೆ ಹೋದ ತೇವಕ್ಕೆ ಹೊರಬರಲು ದಾರಿಯಿಲ್ಲ, ಕೊಳೆಯುತ್ತಿರುವುದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಎಣ್ಣೆಯ ಅಥವಾ ಮೇಣದ ಮೆತ್ತನೆಯ ಲೇಪ ಅಷ್ಟು ಅಂದವಾಗಿ ಕಾಣದು, ಧೂಳನ್ನೂ ಹಿಡಿಯುತ್ತದೆ. ಆದರೆ ಗೀರು ಬಿದ್ದಲ್ಲಿ ತಾನೇ ಹರಡಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಮತ್ತೆ ಬಳಿಯಬಹುದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಗೆ ಹಳೇ ಇಂಜಿನ್ ಆಯಿಲ್ ಹೊಡೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಯೋಚನೆ ಸರಿ, ವಸ್ತು ತಪ್ಪು. ಉರಿದ ಆಯಿಲಿನಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರ್ ಬುಷ್‌ಗಳು ಉಬ್ಬುತ್ತವೆ, ಚರ್ಮಕ್ಕೆ ಕೇಡು, ನೆಲಕ್ಕೆ ಸೋರಿದರೆ ಅಂತರ್ಜಲಕ್ಕೂ ಕೇಡು. ಫಲಜ್ ಎಂಬ ಸಾಂಪ್ರದಾಯಿಕ ಕಾಲುವೆಗಳ ನೀರಿನ ಮೇಲೆ ಖರ್ಜೂರದ ತೋಟಗಳು ಬದುಕಿರುವ ಊರಿನಲ್ಲಿ ಅದನ್ನು ಮಾಡಲೇಬಾರದು.

ಹತ್ಯಾರುಗಳ ವಿಷಯ ಸ್ವಲ್ಪ ಬೇರೆ. ನಿಮ್ಮ ಪಾನಾಗಳಲ್ಲಿ ಒಂದನ್ನು ಬೆಳಕಿಗೆ ಹಿಡಿದು ನೋಡಿ: ಕಂದು ಕಲೆ ಹಿಡಿಕೆಯ ಮಧ್ಯದಲ್ಲಿ, ಹೆಬ್ಬೆರಳು ಕೂರುವ ಜಾಗದಲ್ಲಿ ಹೆಚ್ಚಿರುತ್ತದೆ, ಕೆಲವೊಮ್ಮೆ ಬೆರಳಿನ ಗೆರೆಗಳೂ ಹಾಗೇ ಮೂಡಿರುತ್ತವೆ. ಅದು ಬೆವರು. ಬೆವರಿನಲ್ಲಿ ಉಪ್ಪೂ ಇದೆ, ಲ್ಯಾಕ್ಟಿಕ್ ಆಮ್ಲವೂ ಇದೆ. ಜೂನ್ ತಿಂಗಳಲ್ಲಿ ಮಾಳಿಗೆಯ ಮೇಲೆ ಎ.ಸಿ. ಬಿಚ್ಚಿ, ಅದೇ ಕೈಯಲ್ಲಿ ಪಾನಾವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರೆ ಬುರೈಮಿಯ ಒಣ ಹವೆ ಒಳಗೆ ಹೋಗಿ ಅದನ್ನು ಕಾಯುವುದಿಲ್ಲ. ಕೆಲಸ ಮುಗಿದ ಮೇಲೆ ಎಣ್ಣೆ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಿಡುವುದಕ್ಕಿಂತ ದೊಡ್ಡ ಉಪಾಯ ಇದಕ್ಕಿಲ್ಲ. ತೆಳು ಮೆಷಿನ್ ಆಯಿಲ್ ಸಾಕು. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಡಬ್ಲ್ಯೂಡಿ-40 ಬಗ್ಗೆ ಅನೇಕರಿಗೆ ತಪ್ಪು ಕಲ್ಪನೆ ಇದೆ. 1953ರಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಸರಿಸುವುದಕ್ಕೆ, ಆ ಕೆಲಸವನ್ನು ಇಂದಿಗೂ ಚೆನ್ನಾಗಿ ಮಾಡುತ್ತದೆ. ಆದರೆ ಅದರ ಪೊರೆ ತೆಳು, ತಿಂಗಳುಗಟ್ಟಲೆ ಕಾಯುವುದಿಲ್ಲ.

ಈಗಾಗಲೇ ತುಕ್ಕು ಹಿಡಿದ ಹತ್ಯಾರುಗಳಿಗೆ ಸಿಟ್ರಿಕ್ ಆಸಿಡ್ ಒಳ್ಳೆಯದು. ಕಿರಾಣಿ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಸಿಗುತ್ತದೆ. ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಮೊದಲು ಸೋಪಿನಿಂದ ಜಿಡ್ಡು ತೊಳೆದ ಸಾಮಾನನ್ನು ಮುಳುಗಿಸಿಡಿ. ಕೆಲವು ತಾಸಿಗೊಮ್ಮೆ ತೆಗೆದು ಬ್ರಷ್ಷಿನಿಂದ ತಿಕ್ಕಿ. ತುಕ್ಕು ಬಿಟ್ಟ ಕೂಡಲೇ ಹೊರತೆಗೆಯಿರಿ, ಮರೆತು ಬಿಟ್ಟರೆ ಆಮ್ಲ ಒಳ್ಳೆಯ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಹೊಸದಾಗಿ ಬಯಲಾದ ಕಬ್ಬಿಣ ಕಣ್ಣೆದುರೇ ಮತ್ತೆ ಕಂದಾಗಬಲ್ಲದು. ಸತು ಲೇಪಿಸಿದ ಸಾಮಾನು, ಅಲ್ಯುಮಿನಿಯಂ ಹಿಡಿಕೆಯ ಪೈಪ್ ರೆಂಚ್ ಇವನ್ನು ಆಸಿಡ್ಡಿಗೆ ಹಾಕಬಾರದು. ಸ್ಪ್ರಿಂಗ್, ಪಾಟಾ, ಹೈ ಟೆನ್ಸೈಲ್ ಬೋಲ್ಟ್‌ಗಳಂಥ ಹದ ಹಾಕಿದ ಉಕ್ಕನ್ನೂ ಹಾಕಬಾರದು. ಆಮ್ಲದಿಂದ ಹುಟ್ಟುವ ಹೈಡ್ರೋಜನ್ ಒಳಗೆ ಸೇರಿ ಅಂಥ ಉಕ್ಕು ಪೆಡಸಾಗುತ್ತದೆ, ಮುಂದೊಂದು ದಿನ ಸೂಚನೆಯಿಲ್ಲದೆ ಮುರಿಯುತ್ತದೆ.

ಆಳವಾಗಿ ತುಕ್ಕು ಕೂತ ಹಳೇ ವೈಸ್, ಪೈಪ್ ರೆಂಚುಗಳಿಗೆ ವಿದ್ಯುತ್ತಿನ ವಿಧಾನವೂ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕೈದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಹಳೇ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್. ಮೈನಸ್ ವೈರ್ ಹತ್ಯಾರಿಗೆ, ಪ್ಲಸ್ ವೈರ್ ಒಂದು ಗುಜರಿ ಕಬ್ಬಿಣದ ತುಂಡಿಗೆ, ಎರಡೂ ತಾಗಬಾರದು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ಸರಿಯಾಗಿ ಮಾಡಿದಾಗಲೂ ಹೈಡ್ರೋಜನ್ ಬರುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡ, ಸಾಮಾನು ಮುಟ್ಟುವ ಮುನ್ನ ಕರೆಂಟ್ ತೆಗೆಯಿರಿ.

ಕೊನೆಗೆ ಕಾರ್ಗೋ. ಹಡಗಿನ ಕಂಟೇನರಿನೊಳಗಿನ ಗಾಳಿ ಹಗಲು ಕಾಯ್ದು, ಮರ ಮತ್ತು ರಟ್ಟಿನ ತೇವವನ್ನು ಹೀರಿಕೊಳ್ಳುತ್ತದೆ. ರಾತ್ರಿ ತಗಡಿನ ಸೂರು ತಣ್ಣಗಾದಾಗ ಅದೇ ತೇವ ಹನಿಯಾಗಿ ಸಾಮಾನಿನ ಮೇಲೆ ಬೀಳುತ್ತದೆ. ಹಾಗಾಗಿ ಹತ್ಯಾರುಗಳನ್ನು ತೊಳೆದು, ಬಿಸಿಲಿನಲ್ಲಿ ಕಾಯಿಸಿ, ಕೈಗವಸು ಹಾಕಿಕೊಂಡೇ ಗ್ರೀಸ್ ಅಥವಾ ಮೇಣದ ಲೇಪ ಹಚ್ಚಿ. ವಿಸಿಐ ಕಾಗದ ಸಿಕ್ಕರೆ ಅದರಲ್ಲಿ ಸುತ್ತಿ. ಆ ಕಾಗದದಿಂದ ಏಳುವ ಆವಿ ಲೋಹದ ಮೇಲೆ ಕೂತು ತುಕ್ಕನ್ನು ತಡೆಯುತ್ತದೆ. ನ್ಯೂಸ್‌ಪೇಪರಿನಲ್ಲಿ ಮಾತ್ರ ಸುತ್ತಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದಂತೆ ಮುಚ್ಚಿ. ಈ ಕೆಲಸವನ್ನು ಇಬ್ಬನಿಯ ಬೆಳಗಿನಲ್ಲಿ ಮಾಡದೆ ಒಣ ಮಧ್ಯಾಹ್ನದಲ್ಲಿ ಮಾಡಿ, ಒಳಗೆ ಸೇರುವ ಗಾಳಿಯೇ ಒಣಗಿರುತ್ತದೆ. ಸಾಧ್ಯವಿದ್ದರೆ ಸಾಮಾನು ನವೆಂಬರಿಗೂ ಮಾರ್ಚಿಗೂ ನಡುವೆ ಊರು ಮುಟ್ಟುವಂತೆ ಬುಕ್ ಮಾಡಿ. ಜೂನ್‌ನಲ್ಲಿ ಬಂದಿಳಿದರೆ ಪೊಟ್ಟಣಗಳನ್ನು ಒಟ್ಟಿಗೇ ಒಡೆಯಬೇಡಿ, ಕೆಲಸಕ್ಕೆ ಬೇಕಾದಷ್ಟನ್ನೇ ಬಿಚ್ಚಿಕೊಂಡು ಉಳಿದದ್ದನ್ನು ಹಾಗೇ ಮೇಲಿನ ಅಟ್ಟಕ್ಕೆ ಹಾಕಿ.